ಆರ್ಕ್ಟಿಕ್ ಮಂಜುಗಡ್ಡೆ: ಮೊದಲು ಬೂಯ್ ಅಂಕಿ, ಆಮೇಲೆ ಫೋಟೋ

2013ರ ಜುಲೈನಲ್ಲಿ ಉತ್ತರ ಧ್ರುವವೇ ಕೆರೆಯಾಗಿದೆ ಅಂತ ಒಂದು ಫೋಟೋ ಜಗತ್ತೆಲ್ಲ ಓಡಾಡಿತು. ನೀರು ನಿಂತಿದ್ದು ನಿಜ. ಆದರೆ ಅದು ಮಂಜುಗಡ್ಡೆಯ ಮೇಲೆ ಕರಗಿ ನಿಂತ ನೀರು, ಅದರಡಿ ಮಂಜುಗಡ್ಡೆ ಹಾಗೇ ಇತ್ತು. ಆ ಫೋಟೋ ತೆಗೆದ ಕ್ಯಾಮೆರಾ ಕೂಡ ಅಷ್ಟೊತ್ತಿಗೆ ಧ್ರುವದಿಂದ ನೂರಾರು ಕಿಲೋಮೀಟರ್ ದೂರ ತೇಲಿ ಹೋಗಿತ್ತು.

ಅದಕ್ಕೇ ಮೊದಲು ಬೂಯ್‌ನ ಜಿಪಿಎಸ್ ನೋಡಿ, ಅದು ಎಲ್ಲಿದೆ ಅಂತ. ಬೂಯ್ ಅನ್ನುವ ಈ ಅಳತೆ ಉಪಕರಣವನ್ನು ಮಂಜುಗಡ್ಡೆಯಲ್ಲಿ ನೆಟ್ಟಿರುತ್ತಾರೆ, ಮಂಜುಗಡ್ಡೆ ಹೋದಲ್ಲಿಗೆ ಅದೂ ಹೋಗುತ್ತದೆ. ಧ್ರುವದ ಹತ್ತಿರ ಇಟ್ಟದ್ದು ಹೆಚ್ಚಾಗಿ ಗ್ರೀನ್‌ಲ್ಯಾಂಡ್ ಮತ್ತು ಸ್ವಾಲ್‌ಬಾರ್ಡ್ ದ್ವೀಪಗಳ ನಡುವಿನ ಫ್ರಾಮ್ ಜಲಸಂಧಿಯ ಕಡೆಗೆ ಸಾಗುತ್ತದೆ. ಅಲ್ಲಿ ಮಂಜುಗಡ್ಡೆ ತೆಳುವಾದರೆ ಇಡೀ ಆರ್ಕ್ಟಿಕ್ ಕರಗಿತು ಅಂತ ಹೇಳೋಕಾಗಲ್ಲ, ಅಲ್ವಾ? ಅಂತರರಾಷ್ಟ್ರೀಯ ಆರ್ಕ್ಟಿಕ್ ಬೂಯ್ ಕಾರ್ಯಕ್ರಮದ ಅಂಕಿಅಂಶ 1979ರಿಂದಲೂ ಇದೆ, ಯಾರು ಬೇಕಾದರೂ ನೋಡಬಹುದು.

ಆಮೇಲೆ ಉಷ್ಣತೆ. ನನ್ನ ಮಟ್ಟಿಗೆ ಅಸಲಿ ಮಾಹಿತಿ ಇರುವುದೇ ಇಲ್ಲಿ. ಕೆಲವು ಬೂಯ್‌ಗಳಿಂದ ಸೆನ್ಸರ್ ಪೋಣಿಸಿದ ಒಂದು ಉದ್ದ ಕೇಬಲ್ ಗಾಳಿ, ಹಿಮ, ಮಂಜುಗಡ್ಡೆ ದಾಟಿ ನೀರಿಗಿಳಿದಿರುತ್ತದೆ. ಚಳಿಗಾಲದ ಗ್ರಾಫ್ ತೆಗೆದುಕೊಳ್ಳಿ: ಮೇಲಿಂದ ಕೆಳಗಿಳಿದಂತೆ ಹಿಮದೊಳಗೆ ಉಷ್ಣತೆ ಸರ್ರನೆ ಏರುತ್ತದೆ, ಯಾಕೆಂದರೆ ಹಿಮ ಶಾಖವನ್ನು ಸುಲಭಕ್ಕೆ ಬಿಡುವುದಿಲ್ಲ, ಮಂಜುಗಡ್ಡೆಯೊಳಗೆ ನಿಧಾನ ಏರುತ್ತದೆ, ಸುಮಾರು -1.8 ಡಿಗ್ರಿ ಮುಟ್ಟಿದ ಮೇಲೆ ಗೆರೆ ನೇರವಾಗಿಬಿಡುತ್ತದೆ, ಅದು ಸಮುದ್ರದ ನೀರು. ಗೆರೆ ತಿರುಗುವ ಜಾಗವೇ ಮಂಜುಗಡ್ಡೆಯ ತಳ. ತಿಂಗಳುಗಟ್ಟಲೆ ಆ ಜಾಗ ಮೇಲೆ ಬಂತಾ, ಕೆಳಗೆ ಹೋಯ್ತಾ ನೋಡುತ್ತಿರಿ. ಬೇಸಿಗೆ ಮುಗಿಯುವಾಗ ಮೇಲೆ ಹೆಪ್ಪುಗಟ್ಟಲು ಶುರುವಾಗಿದ್ದರೂ ತಳದಲ್ಲಿ ಕರಗುತ್ತಲೇ ಇರಬಹುದು, ಅದು ಯಾವ ಫೋಟೋದಲ್ಲೂ ಕಾಣಲ್ಲ.

ಈಗ ಕ್ಯಾಮೆರಾಗೆ ಬನ್ನಿ. ಚೌಕಟ್ಟಿನಲ್ಲಿ ಅಳತೆ ಕೋಲು ಇದ್ದರೆ ಹಿಮದ ಆಳ ಓದಬಹುದು. ದಿಗಂತ ಓರೆಯಾಗಿದ್ದರೆ ಕಂಬ ವಾಲಿದೆ ಅಂತ ಅರ್ಥ, ಬುಡದ ಹಿಮ ಕರಗಿರಬಹುದು, ಇಲ್ಲಾ ಹಿಮಕರಡಿ ಬಂದು ಕೈಯಾಡಿಸಿರಬಹುದು (ನಿಜವಾಗಿಯೂ ಬರುತ್ತವೆ). ಬರೀ ಬಿಳಿ ಚಿತ್ರ ಬಂದರೆ ದಟ್ಟ ಮಂಜು ಕವಿದಿದೆಯೋ, ಲೆನ್ಸ್ ಮೇಲೆ ಹಿಮ ಕೂತಿದೆಯೋ ಅಂತ ತಿಳಿಯಲು ಮುಂದಿನ ಚಿತ್ರಕ್ಕೆ ಕಾಯಿರಿ. ಚಳಿಗಾಲದಲ್ಲಿ ಕತ್ತಲು, ಸುಮ್ನೆ ಫೋಟೋ ಹುಡುಕಬೇಡಿ.

ಉಪಗ್ರಹ ನಕ್ಷೆಯ ಜೊತೆ ಹೋಲಿಸುವಾಗ ಸ್ವಲ್ಪ ಹುಷಾರು. ಉಪಗ್ರಹದ ಮೈಕ್ರೋವೇವ್ ಸೆನ್ಸರ್‌ಗೆ ಮೇಲೆ ನಿಂತ ನೀರೂ ತೆರೆದ ಸಮುದ್ರದ ಹಾಗೇ ಕಾಣುತ್ತದೆ. ಜುಲೈನಲ್ಲಿ ನಕ್ಷೆ ಮಂಜುಗಡ್ಡೆ ಕಮ್ಮಿ ಅಂದು, ಬೂಯ್ ಕೇಬಲ್ ಮಾತ್ರ ಮಂಜುಗಡ್ಡೆ ಇನ್ನೂ ದಪ್ಪ ಇದೆ ಅಂದರೆ, ಬೂಯ್ ಇರುವ ಆ ಜಾಗದ ಮಟ್ಟಿಗೆ ಕೇಬಲನ್ನೇ ನಂಬಿ.