ಸೋರಿಯಾಸಿಸ್ ಇದ್ದರೆ ಉಂಗುರದ ಬೆರಳನ್ನೂ ನೋಡಿಕೊಳ್ಳಿ

ಚರ್ಮದಲ್ಲಿ ಕಲೆ ಎದ್ದು ಹೊಟ್ಟು ಉದುರುವ ಕಾಯಿಲೆ ಸೋರಿಯಾಸಿಸ್. ಅದರ ಹೆಸರೆತ್ತಿದ ಕೂಡಲೇ ಎಲ್ಲರೂ ಒಂದೊಂದು ಮುಲಾಮಿನ ಹೆಸರು ಹೇಳುತ್ತಾರೆ. ಹಾಸನದಲ್ಲಿ ಹೈಸ್ಕೂಲ್ ಟೀಚರ್ ಆಗಿರುವ ನನಗೆ ಈ ಕಾಯಿಲೆ ಬಹಳ ವರ್ಷಗಳಿಂದ ಇದೆ. ಹೊಸದಾಗಿ ಗೊತ್ತಾದವರು ಸಿಕ್ಕರೆ ನಾನು ಮೊದಲು ಕೇಳುವುದು ಕೀಲಿನ ಬಗ್ಗೆ.

ಬೆಳಿಗ್ಗೆ ಎದ್ದ ಕೂಡಲೇ ಬೆರಳು ಮಡಚಿ ನೋಡಿ. ಅರ್ಧ ಗಂಟೆಯಾದರೂ ಬಿಗಿತ ಬಿಡುವುದಿಲ್ಲವಾ? ಒಂದೇ ಬೆರಳು ಬುಡದಿಂದ ತುದಿಯವರೆಗೆ ಊದಿದೆಯಾ? ಹಿಮ್ಮಡಿ ನೋಯುತ್ತದಾ? ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳಿವೆಯಾ? ಹಾಗಿದ್ದರೆ ಡಾಕ್ಟರಿಗೆ ಹೇಳಲೇಬೇಕು. ನನಗೆ ಗೊತ್ತಾಗಿದ್ದು ಉಂಗುರದಿಂದ. ಸೋಪು ಹಚ್ಚಿದರೂ ಅದು ಬೆರಳಿನಿಂದ ಕಳಚಲಿಲ್ಲ. ಸೀಮೆಸುಣ್ಣ ಹಿಡಿದು ಹಿಡಿದು ಹೀಗಾಗಿದೆ ಅಂದರು ಸ್ಟಾಫ್ ರೂಮಿನಲ್ಲಿ. ಆದರೆ ಅದು ಸೋರಿಯಾಟಿಕ್ ಆರ್ಥ್ರೈಟಿಸ್, ಅಂದರೆ ಸೋರಿಯಾಸಿಸ್ ಜೊತೆ ಬರುವ ಕೀಲೂತ. ಸೋರಿಯಾಸಿಸ್ ಇರುವ ನೂರು ಜನರಲ್ಲಿ 30 ಜನರ ತನಕ ಇದು ಬರಬಹುದು. ತಡ ಮಾಡಿದರೆ ಕೀಲು ಹಾಳಾಗಿ ಬೆರಳು ಸೊಟ್ಟಗಾಗಬಹುದು. ಚರ್ಮದ ಡಾಕ್ಟರ್ ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಿ.

ಮೆಥೊಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟರೆ ನೆನಪಿಡಿ, ಈ ಕಾಯಿಲೆಗೆ ಅದು ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ನಾನು ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಗುರುತು ಹಾಕಿಕೊಳ್ಳುತ್ತೇನೆ. ಹೇಳಿದ ದಿನ ರಕ್ತಪರೀಕ್ಷೆ ತಪ್ಪಿಸಬೇಡಿ. ಮಗುವಿನ ಯೋಚನೆ ಇದ್ದವರು ಮೊದಲೇ ತಿಳಿಸಬೇಕು.

ಚರ್ಮ ಉಜ್ಜಿದ ಕಡೆ, ಗಾಯವಾದ ಕಡೆ ಹೊಸ ಕಲೆ ಏಳುತ್ತದೆ. ಲಂಗದ ಲಾಡಿ ಬಿಗಿಯುವ ಜಾಗದಲ್ಲೇ ನನ್ನ ಸೊಂಟದ ಸುತ್ತ ಎದ್ದಿತ್ತು. ಅಗಲವಾದ ಎಲಾಸ್ಟಿಕ್ ಹೊಲಿಸಿಕೊಂಡ ಮೇಲೆ ಕಡಿಮೆಯಾಯಿತು. ಹೊಟ್ಟು ಕೀಳಬೇಡಿ, ರಕ್ತ ಜಿನುಗುತ್ತದೆ. ಸುಡುವ ನೀರಿನ ಸ್ನಾನ ಬೇಡ. ಮೈ ಒರೆಸಿಕೊಂಡು, ಪಸೆ ಆರುವ ಮೊದಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ. ಬೇರು ಸಮೇತ ಕಿತ್ತು ಹಾಕುತ್ತೇವೆ ಅನ್ನುವವರ ಹೆಸರಿಲ್ಲದ ಪುಡಿ ಬೇಡವೇ ಬೇಡ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ನಿಲ್ಲಿಸಿದ ಮೇಲೆ ಮೈತುಂಬ ಏಳಬಹುದು.

ಇನ್ನು ಮನಸ್ಸು. ಜನ ಕೇಳುವ ಮೊದಲೇ ಹೇಳಿಬಿಡಲು ಒಂದು ಮಾತು ಸಿದ್ಧವಿರಲಿ. "ಇದು ಸೋರಿಯಾಸಿಸ್, ಅಂಟುವುದಿಲ್ಲ, ಮುಟ್ಟಿದರೆ ಏನೂ ಆಗಲ್ಲ." ಜೂನ್‌ನಲ್ಲಿ ಎಂಟನೇ ತರಗತಿಗೆ ಹೊಸ ಮಕ್ಕಳು ಬಂದಾಗ ನಾನು ಹೇಳುವುದು ಇಷ್ಟೇ. ಅವರು ಒಂದೆರಡು ಪ್ರಶ್ನೆ ಕೇಳಿ ಮರೆತುಬಿಡುತ್ತಾರೆ. ದೊಡ್ಡವರದೇ ಕಷ್ಟ. ಅರಿಶಿನ ಕುಂಕುಮಕ್ಕೆ ಕರೆದವರು ನನ್ನ ಕೈ ನೋಡಿ ತಟ್ಟೆಯನ್ನು ದೂರದಿಂದ ಚಾಚಿದ್ದೂ ಇದೆ. ತುಂಬಾ ನೋವಾಯಿತು. ಅಂಥ ದಿನ ರಾತ್ರಿ ತುರಿಕೆಯೂ ಜಾಸ್ತಿ. ಚಿಂತೆಗೂ ಈ ಕಾಯಿಲೆಗೂ ನಂಟಿದೆ. ಆದರೆ "ಚಿಂತೆ ಮಾಡಬೇಡ" ಅಂದರೆ ಚಿಂತೆ ಹೋಗುತ್ತದಾ? ಮನೆಯವರು ಕೈಗೆಟುಕದ ಬೆನ್ನಿಗೆ ಎಣ್ಣೆ ಹಚ್ಚಿಕೊಡಲಿ. ನಮ್ಮತ್ತೆ ಕೇಳದೆಯೇ ಹಚ್ಚುತ್ತಾರೆ. ಅದರಿಂದ ನನಗೆ ಸಿಕ್ಕಿರುವ ಧೈರ್ಯ ದೊಡ್ಡದು.

ಎರಡು ವಾರವಾದರೂ ನಿದ್ದೆ ಬರದೆ, ಊಟ ಸೇರದೆ, ಯಾರ ಮುಖವನ್ನೂ ನೋಡುವುದು ಬೇಡ ಅನ್ನಿಸುತ್ತಿದ್ದರೆ ಅದನ್ನು ಸುಮ್ನೆ ಬೇಜಾರು ಅಂತ ಬಿಡಬೇಡಿ, ಖಿನ್ನತೆ ಇರಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಚರ್ಮದ ಡಾಕ್ಟರಿಗೂ ತಿಳಿಸಿ. ಅದೇ ಭೇಟಿಯಲ್ಲಿ ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸಿಕೊಳ್ಳಿ. ನಮ್ಮಂಥವರಿಗೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಬರುವ ಸಾಧ್ಯತೆ ಜಾಸ್ತಿ.