ಒಂದೇ ಟೇಬಲ್, ಎರಡು ಥರದ ಸಾವು: ನನ್ನ ಡಿಎಂ ಅನುಭವ

ನನ್ನ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ (ಡಿ ಆಂಡ್ ಡಿ) ಟೇಬಲ್, ಅಂದರೆ ದಾಳ ಉರುಳಿಸುತ್ತಾ ಒಟ್ಟಿಗೆ ಕಥೆ ಆಡುವ ಗುಂಪು, ಹೆಚ್ಚು ಕಡಿಮೆ ಒಂದೂವರೆ ವರ್ಷದಿಂದ ಒಡೆಯದೆ ನಡೆಯುತ್ತಿದೆ. ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಆದವರಿಗೆ ಗೊತ್ತು, ಇದು ಸಣ್ಣ ಮಾತಲ್ಲ. ಅದೂ ಹಳೇ ಬೇಸಿಕ್ ಡಿ ಆಂಡ್ ಡಿ ಆಡಿ ಬೆಳೆದವರು, 2008ರ ನಾಲ್ಕನೇ ಆವೃತ್ತಿಯವರು, 2014ರ ಐದನೇ ಆವೃತ್ತಿಯಿಂದ ಶುರು ಮಾಡಿದವರು, ಎಲ್ಲ ಒಟ್ಟಿಗೆ. ನಾಲ್ಕು ವಾರ ನಡೆದರೆ ಹೆಚ್ಚು ಅಂದವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ಮೊದಲು ದುಡ್ಡು ಸುರಿದು ನೋಡಿದೆ. ಎಲ್ಲರಿಗೂ ರೂಲ್‌ಬುಕ್, ಮಿನಿಯೇಚರ್ (ಪುಟ್ಟ ಗೊಂಬೆ), ಗ್ರಿಡ್ ಮ್ಯಾಟ್ (ಚೌಕಗಳ ಹಾಸು). ಆ ವರ್ಷ ಆಟಕ್ಕೆ ಹಾಕಿದ್ದರಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಯಿತು, ಆದರೆ ನಕ್ಷೆಯನ್ನು ತಲೆಯಲ್ಲೇ ಇಟ್ಟುಕೊಂಡು ಆಡಿದ ಹಳಬರು ಮ್ಯಾಟ್ ಕಂಡರೇ ಮುಖ ತಿರುಗಿಸಿದರು. (2023ರಿಂದ ಐದನೇ ಆವೃತ್ತಿಯ ಮೂಲ ನಿಯಮಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪುಕ್ಕಟೆ ಸಿಗುತ್ತವೆ, ಸುಮ್ನೆ ಖರ್ಚು ಮಾಡಬೇಡಿ.) ಆಮೇಲೆ ನಮ್ಮ ಟೇಬಲ್‌ಗೆಂದೇ ಹತ್ತು ಪುಟದಷ್ಟು ಮನೆ ನಿಯಮ ಬರೆದು ಓಟು ಹಾಕಿಸಿದೆ. ಓಟಿನಲ್ಲಿ ಸೋತವರು ಮುಂದಿನ ವಾರ ಬರಲೇ ಇಲ್ಲ.

ಕೊನೆಗೆ ನಿಯಮದ ಮಾತೇ ಬಿಟ್ಟೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಅರ್ಧ ಗಂಟೆ ಕೇಳಿದೆ: ನಿಮ್ಮ ಮೊದಲ ಕ್ಯಾರೆಕ್ಟರ್ (ಆಟದಲ್ಲಿ ನೀವು ಆಡಿದ ಪಾತ್ರ) ಯಾವುದು, ಅದು ಹೇಗೆ ಸತ್ತಿತು, ಆವತ್ತು ಡಿಎಂ ಏನು ಮಾಡಿದರು?

ಹಿಟ್ ಪಾಯಿಂಟ್ (ಕ್ಯಾರೆಕ್ಟರ್‌ನಲ್ಲಿ ಉಳಿದ ಜೀವದ ಲೆಕ್ಕ) ಸೊನ್ನೆ ಆದರೆ ಸಾವೇ ಅಂತ ಹಟ ಹಿಡಿದವರ ಮೊದಲ ಕ್ಯಾರೆಕ್ಟರ್ ಒಬ್ಬ ಮಾಂತ್ರಿಕ. ಆಗ ಮಾಂತ್ರಿಕನ ಹಿಟ್ ಪಾಯಿಂಟ್‌ಗೆ ನಾಲ್ಕು ಮುಖದ ದಾಳ, ಶುರುವಿನಲ್ಲಿ ದಿನಕ್ಕೆ ಒಂದೇ ಮಂತ್ರ. ಅಷ್ಟರಲ್ಲೇ ಬದುಕಿ ಬಂದದ್ದು ಅವರಿಗೆ ಇವತ್ತಿಗೂ ಹೆಮ್ಮೆ. ಡೆತ್ ಸೇವ್ (ಸೊನ್ನೆಗೆ ಬಂದ ಮೇಲೂ ದಾಳ ಉರುಳಿಸಿ ಬದುಕುವ ಅವಕಾಶ) ಬೇಕೇ ಬೇಕು ಅಂದವರ ಕ್ಯಾರೆಕ್ಟರನ್ನು ಹಳೇ ಟೇಬಲ್‌ನಲ್ಲಿ ಡಿಎಂ ಸಿಟ್ಟಿಗೆ ಕೊಂದಿದ್ದರು, ದಾಳವನ್ನು ಪರದೆ ಹಿಂದೆ ಉರುಳಿಸಿ. ಅವರಿಗೆ ಬೇಕಾಗಿದ್ದು ಸುಲಭದ ಆಟ ಅಲ್ಲ, ಮೋಸ ಇಲ್ಲದ ಆಟ.

ಪರದೆ ತೆಗೆದೆ. ಎಲ್ಲ ದಾಳ ಎಲ್ಲರ ಮುಂದೆ. ಆಮೇಲೆ ಎಲ್ಲರೂ ಬೇಡ ಅಂದದ್ದನ್ನೇ ಮಾಡಿದೆ: ಒಂದೇ ಟೇಬಲ್‌ನಲ್ಲಿ ಸಾವಿಗೆ ಎರಡು ನಿಯಮ. ಹಟ ಹಿಡಿದ ಹಳಬರು ಸೊನ್ನೆಗೆ ಬಂದರೆ ಸತ್ತರು, ಡೆತ್ ಸೇವ್ ಕೇಳಿದವರಿಗೆ ಮೂರು ಸೇವ್ ಸೋಲುವವರೆಗೆ ಅವಕಾಶ. ಬ್ಯಾಲೆನ್ಸ್ ಹಾಳಾಗುತ್ತೆ ಅಂದರು, ಏನೂ ಆಗಲಿಲ್ಲ. ಯಾರು ಯಾವ ನಿಯಮದಲ್ಲಿದ್ದಾರೆ ಅಂತ ಎಲ್ಲರಿಗೂ ಗೊತ್ತಿದ್ದರೆ ಸಾಕು. ಈಗ ಹಳೇ ಮಾಂತ್ರಿಕ ಸೊನ್ನೆಯ ಹತ್ತಿರ ಬಂದರೆ ಕಾಪಾಡಲು ಎಲ್ಲರಿಗಿಂತ ಮೊದಲು ಓಡುವುದು ಆ ಡೆತ್ ಸೇವ್‌ನವರೇ.

ನಡುವೆ ಒಂದು ಸಂಜೆ ಹೊಸಬರಿಗೆ ಹಳೇ ಬೇಸಿಕ್ ನಿಯಮದಲ್ಲೇ ಆಡಿಸಿದೆ. ಅದರಲ್ಲಿ ಎದುರು ಬಂದ ಪ್ರಾಣಿಯ ಮನಸ್ಥಿತಿಯನ್ನೂ ಎರಡು ದಾಳ ಉರುಳಿಸಿ ನೋಡುತ್ತಾರೆ. ಒಂದು ಗಂಟೆಯೊಳಗೆ ಕತ್ತಿ ಬಿಟ್ಟು ಗಾಬ್ಲಿನ್ ಅನ್ನುವ ಪುಟ್ಟ ರಾಕ್ಷಸರ ಜೊತೆ ಚೌಕಾಸಿಗೆ ಕೂತರು! ಆ ಎರಡು ದಾಳವನ್ನು ಈಗಲೂ ಬಳಸುತ್ತೇನೆ.

ಆ ಅರ್ಧ ಗಂಟೆಯ ಕೊನೆಗೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ, ಅದನ್ನು ಇಲ್ಲಿ ಹೇಳಲ್ಲ. ಈ ಪ್ರಶ್ನೆಗಳನ್ನು ಗುಂಪಿನಲ್ಲಿ ಕೇಳಲೇಬೇಡಿ, ಅಲ್ಲಿ ಗೆದ್ದ ಕಥೆಗಳಷ್ಟೇ ಬರುತ್ತವೆ. ಮೊದಲ ಸಲ ಆಡುವವರನ್ನಾದರೆ ಎರಡು ಮೂರು ಸೆಷನ್ ಆಡಿಸಿದ ಮೇಲೆ ಕೂರಿಸಿ.