ಶಾಲೆ ‘ಆಗಲ್ಲ’ ಅಂದಾಗ: ನಿಲ್ಲುವಂಥ ದೂರು ಬರೆಯುವುದು ಹೀಗೆ

ಅಂಗವೈಕಲ್ಯವಿರುವ ಮಗುವಿಗೆ ಪ್ರವೇಶವಿಲ್ಲ ಎಂದು ಶಾಲೆಗಳು ಬರೆದುಕೊಡುವುದು ಅಪರೂಪ. ‘ಸೀಟು ಭರ್ತಿ’, ‘ಸ್ಪೆಷಲ್ ಟೀಚರ್ ಇಲ್ಲ’ ಎಂದು ಬಾಯಲ್ಲೇ ಹೇಳಿ ಕಳುಹಿಸುತ್ತವೆ. ಪೋಷಕರು ನೊಂದು ನಾಲ್ಕು ಪುಟ ದೂರು ಬರೆಯುತ್ತಾರೆ. ‘ಅವರು ಅರ್ಜಿಯನ್ನೇ ಹಾಕಿಲ್ಲ’ ಎಂಬ ಒಂದೇ ಸಾಲಿನ ಉತ್ತರಕ್ಕೆ ಅದು ಬಿದ್ದುಹೋಗುತ್ತದೆ.

ಮೊದಲು ಕಾಗದಪತ್ರ: ಯುಡಿಐಡಿ ಕಾರ್ಡ್ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ), ಜನನ ಪ್ರಮಾಣಪತ್ರ, ವಿಳಾಸದ ದಾಖಲೆ, ಮೂರು ಸೆಟ್ ಜೆರಾಕ್ಸ್. ಕಾರ್ಡ್ ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅಥವಾ ತಾಲ್ಲೂಕಿನ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಅವರನ್ನು ಕೇಳಿ. ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇನ್ನು ಎಲ್ಲರೂ ಎಡವುವ ಹಂತ. ಪ್ರವೇಶದ ಕೋರಿಕೆಯನ್ನು ಬರವಣಿಗೆಯಲ್ಲೇ, ಎರಡು ಪ್ರತಿ ಮಾಡಿ ಕೊಡಿ. ನಿಮ್ಮ ಪ್ರತಿಯ ಮೇಲೆ ಶಾಲೆಯ ಸೀಲು, ಸಹಿ, ದಿನಾಂಕ ಮೂರೂ ಬೀಳಬೇಕು. ಹಾಕಿಕೊಡಲು ಒಪ್ಪದಿದ್ದರೆ ಜಗಳಕ್ಕಿಳಿಯದೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ತಲುಪಿದೆ ಎಂದು ತೋರಿಸುವ ಟ್ರ್ಯಾಕಿಂಗ್ ಪುಟವನ್ನು ಕೂಡಲೇ ಪ್ರಿಂಟ್ ತೆಗೆದಿಡಿ, ಆಮೇಲೆ ಸಿಗದೇ ಹೋಗಬಹುದು.

ಅರ್ಜಿಯಲ್ಲಿ ‘ಅಗತ್ಯ ಸೌಲಭ್ಯ ಒದಗಿಸಿ’ ಎಂದು ಬರೆದರೆ ಏನನ್ನೂ ಕೇಳಿದಂತಾಗುವುದಿಲ್ಲ. ‘ತರಗತಿ ನೆಲಮಹಡಿಯಲ್ಲಿರಲಿ’, ‘ಮುಂದಿನ ಬೆಂಚು ಕೊಡಿ’, ‘ಪರೀಕ್ಷೆಗೆ ಹೆಚ್ಚುವರಿ ಸಮಯ ಬೇಕು’ ಎಂದು ಬಿಡಿಬಿಡಿಯಾಗಿ ಬರೆಯಿರಿ. ಮಗುವಿಗೆ ಬೇಕಾದ ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಆದರೆ ನಿರಾಕರಿಸಿದ್ದನ್ನು ತೋರಿಸಲು, ಕೇಳಿದ್ದು ಮೊದಲು ದಾಖಲಾಗಿರಬೇಕು. ಕೊನೆಯಲ್ಲಿ ‘ಏಳು ದಿನದೊಳಗೆ ಲಿಖಿತ ಉತ್ತರ ಕೊಡಿ’ ಎಂದು ಸೇರಿಸಿ.

ಆಮೇಲೂ ಬಾಯಿಮಾತಲ್ಲೇ ಇಲ್ಲವೆಂದರೆ ಅದೇ ಸಂಜೆ ಇಮೇಲ್ ಅಥವಾ ವಾಟ್ಸ್ಆ್ಯಪ್ ಕಳುಹಿಸಿ: ‘ಇಂದು ಬೆಳಿಗ್ಗೆ 11ಕ್ಕೆ ಮುಖ್ಯೋಪಾಧ್ಯಾಯರು ಸೀಟಿಲ್ಲ ಎಂದು ತಿಳಿಸಿದರು. ನಾನು ತಪ್ಪಾಗಿ ಕೇಳಿಸಿಕೊಂಡಿದ್ದರೆ ದಯವಿಟ್ಟು ತಿಳಿಸಿ.’ ಕದ್ದು ತೆಗೆದ ವಿಡಿಯೊಗಿಂತ ಈ ಎರಡು ಸಾಲು ವಾಸಿ.

ದೂರು ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿಗೆ. ಅಲ್ಲಿ ಕೆಲಸವಾಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೆ. ವಕೀಲರು ಬೇಕೇಬೇಕೆಂದಿಲ್ಲ, ಕನ್ನಡದಲ್ಲೇ ಬರೆಯಿರಿ. ಒಂದು ಪುಟ ಸಾಕು: ಯಾವ ದಿನ ಏನಾಯಿತು, ಪುರಾವೆ ಯಾವುದು, ನಿಮಗೇನು ಬೇಕು. ಟೈಪಿಂಗ್ ಅಂಗಡಿಯ ಸಿದ್ಧ ನಮೂನೆಯನ್ನು ನಂಬಬೇಡಿ. ಅದರಲ್ಲಿ 1995ರ ಕಾಯ್ದೆಯ ಹೆಸರಿದ್ದರೆ ಅದು ರದ್ದಾಗಿರುವ ಕಾನೂನು.

ದೂರಿನಲ್ಲಿ 2016ರ ಕಾಯ್ದೆಯ ಸೆಕ್ಷನ್ 16 ಮತ್ತು 31 ಎರಡನ್ನೂ ನಮೂದಿಸಿ. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಡುವ 31ನೇ ಸೆಕ್ಷನ್‌ಗೆ ಕನಿಷ್ಠ ಶೇ 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳಲ್ಲಿ ತಾರತಮ್ಯವಿಲ್ಲದ ಪ್ರವೇಶದ ಬಗ್ಗೆ ಹೇಳುವ 16ನೇ ಸೆಕ್ಷನ್‌ಗೆ ಆ ಮಿತಿ ಇಲ್ಲ. ಶೇ 30 ಎಂದು ಬರೆದಿರುವ ಪ್ರಮಾಣಪತ್ರ ನೋಡಿ ಎಷ್ಟೋ ಪೋಷಕರು ಸುಮ್ಮನಾಗಿಬಿಡುತ್ತಾರೆ. ಹಾಗೆ ಬಿಡಬೇಡಿ.

ಕೋರಿಕೆಯ ಜಾಗದಲ್ಲಿ ‘ಸೂಕ್ತ ಕ್ರಮ ಕೈಗೊಳ್ಳಿ’ ಎಂದಲ್ಲ, ‘1ನೇ ತರಗತಿಗೆ ಪ್ರವೇಶ ಕೊಡಿಸಿ’ ಎಂದೇ ಬರೆಯಿರಿ. ವಿಚಾರಣೆಗಾಗಿ ಜನರನ್ನು, ದಾಖಲೆಗಳನ್ನು ಕರೆಸಿಕೊಳ್ಳಲು ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರ ಶಿಫಾರಸು ಕೈಸೇರಿದ ಮೂರು ತಿಂಗಳೊಳಗೆ ಸಂಬಂಧಪಟ್ಟ ಪ್ರಾಧಿಕಾರ ಕ್ರಮ ಕೈಗೊಂಡು ತಿಳಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ನೋಟಿಸಿನಲ್ಲಿ ಕೇಳದ ಹೊರತು ಮಗುವನ್ನು ವಿಚಾರಣೆಗೆ ಕರೆದೊಯ್ಯಬೇಡಿ. ಸೀಲು ಬಿದ್ದ ಮೂಲ ಪ್ರತಿ ಮಾತ್ರ ಕೈಯಲ್ಲಿರಲಿ, ಜೆರಾಕ್ಸ್ ಅಲ್ಲ.